1942ರ ಜಪಾನ್ ಸಾಮ್ರಾಜ್ಯದ ನಕ್ಷೆ: ಒಂದೇ ಬಣ್ಣದೊಳಗಿದ್ದ ನಾಡುಗಳೆಲ್ಲ ಒಂದೇ ಸ್ಥಿತಿಯಲ್ಲಿದ್ದವೇ?

ಪ್ರಶ್ನೆ — ಭೂಪಟಾಸಕ್ತ

ಎಲ್ಲರಿಗೂ ನಮಸ್ಕಾರ. ಎರಡನೆಯ ಮಹಾಯುದ್ಧದ ಕುರಿತು ಬಂದಿರುವ ಯಾವ ಪುಸ್ತಕವನ್ನು ತೆರೆದರೂ 1942ರ ನಡುಭಾಗದ ಒಂದು ನಕ್ಷೆ ಎದುರಾಗುತ್ತದೆ. ಉತ್ತರದಲ್ಲಿ ಸಖಾಲಿನ್ ದ್ವೀಪದ ಅರ್ಧಭಾಗದಿಂದ ಹಿಡಿದು ದಕ್ಷಿಣದಲ್ಲಿ ಜಾವಾವರೆಗೆ, ಪಶ್ಚಿಮದಲ್ಲಿ ಬರ್ಮಾದಿಂದ ಪೂರ್ವದಲ್ಲಿ ಗಿಲ್ಬರ್ಟ್ ದ್ವೀಪಗಳವರೆಗೆ ಒಂದೇ ಬಣ್ಣ ಬಳಿದು, ಕೆಳಗೆ 'ಜಪಾನಿನ ವಶದಲ್ಲಿದ್ದ ಪ್ರದೇಶಗಳು' ಎಂದು ಬರೆದಿರುತ್ತಾರೆ.

ಆದರೆ ಪಠ್ಯವನ್ನು ಓದತೊಡಗಿದ ಕೂಡಲೇ ಗೊಂದಲ ಶುರುವಾಗುತ್ತದೆ. ಕೊರಿಯಾವನ್ನು ವಸಾಹತು ಎನ್ನುತ್ತಾರೆ, ಮಂಚುಕುವೊವನ್ನು ಕೈಗೊಂಬೆ ರಾಜ್ಯ ಎನ್ನುತ್ತಾರೆ, ಜಾವಾದಲ್ಲಿ ಸೇನಾಡಳಿತವಿತ್ತು ಎನ್ನುತ್ತಾರೆ. ಇಂಡೋಚೀನಾದಲ್ಲಿ ಜಪಾನಿ ಸೈನ್ಯವಿದ್ದರೂ ಆಡಳಿತ ಫ್ರೆಂಚರ ಕೈಯಲ್ಲೇ ಉಳಿದಿತ್ತಂತೆ. ಥಾಯ್ಲೆಂಡ್ ಮಿತ್ರರಾಷ್ಟ್ರವಾಗಿತ್ತಂತೆ. ಬರ್ಮಾ ಮತ್ತು ಫಿಲಿಪ್ಪೀನ್ಸ್ 1943ರಲ್ಲಿ ಸ್ವತಂತ್ರವಾದುವಂತೆ. ಒಂದೇ ಸಾಮ್ರಾಜ್ಯ, ಒಂದೇ ಯುದ್ಧ. ಹಾಗಿದ್ದೂ ಇಷ್ಟು ಬಗೆಯ ವ್ಯವಸ್ಥೆಗಳು ಏಕೆ ಬೇಕಾದವು? ಇದರ ಹಿಂದೆ ಒಂದು ಯೋಜನೆ ಇತ್ತೇ, ಅಥವಾ ಸಿಕ್ಕಿದ್ದನ್ನು ಸಿಕ್ಕ ಹಾಗೆ ಆಳಿದರೇ? ಇವುಗಳಲ್ಲಿ ಯಾವುದನ್ನು ಕಾನೂನಿನ ದೃಷ್ಟಿಯಿಂದ 'ಆಕ್ರಮಿತ ಪ್ರದೇಶ' ಎಂದು ಕರೆಯಬಹುದು? ಯುದ್ಧದ ವಿವರಗಳು ಬೇಡ, ಆಡಳಿತದ ಸ್ವರೂಪವನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ಪ್ರತಿಕ್ರಿಯೆ 1 — ದಾಖಲೆಪ್ರಿಯ

ತಮ್ಮ ಕೊನೆಯ ಪ್ರಶ್ನೆಯಿಂದಲೇ ಆರಂಭಿಸುತ್ತೇನೆ, ಏಕೆಂದರೆ ಉಳಿದ ಗೊಂದಲಕ್ಕೆ ಅದೇ ಮೂಲ. 1907ರ ಹೇಗ್ ನಿಯಮಾವಳಿಯ 42ನೆಯ ವಿಧಿಯ ಪ್ರಕಾರ, ಒಂದು ಪ್ರದೇಶವು ಶತ್ರುಸೈನ್ಯದ ಅಧಿಕಾರಕ್ಕೆ ವಾಸ್ತವವಾಗಿ ಒಳಪಟ್ಟಾಗ ಅದು ಆಕ್ರಮಿತ ಪ್ರದೇಶವಾಗುತ್ತದೆ. 43ನೆಯ ವಿಧಿಯ ಪ್ರಕಾರ, ಆಕ್ರಮಿಸಿದವನು ಅಲ್ಲಿನ ಶಾಂತಿ ಸುವ್ಯವಸ್ಥೆಯನ್ನು ಕಾಪಾಡಬೇಕು ಮತ್ತು ತೀರಾ ಅಸಾಧ್ಯವಾದ ಸಂದರ್ಭದ ಹೊರತು ಅಲ್ಲಿ ಜಾರಿಯಲ್ಲಿರುವ ಕಾನೂನನ್ನು ಗೌರವಿಸಬೇಕು. ಅಂದರೆ ಯುದ್ಧಕಾಲದ ಆಕ್ರಮಣವೆಂಬುದು ತಾತ್ಕಾಲಿಕ ಮೇಲ್ವಿಚಾರಣೆಯೇ ಹೊರತು ಒಡೆತನವಲ್ಲ. ಈ ಒಪ್ಪಂದವನ್ನು ಜಪಾನ್ 1911ರಲ್ಲಿ ಅನುಮೋದಿಸಿತ್ತು.

ಈ ಅಳತೆಗೋಲನ್ನು ಹಿಡಿದು ನೋಡಿದರೆ ನಕ್ಷೆಯ ಒಂದು ದೊಡ್ಡ ಭಾಗ ಈ ಯುದ್ಧದ ಲೆಕ್ಕಕ್ಕೇ ಬರುವುದಿಲ್ಲ. ತೈವಾನ್ 1895ರ ಶಿಮೊನೊಸೆಕಿ ಒಪ್ಪಂದದಿಂದ ಬಂದದ್ದು. ದಕ್ಷಿಣ ಸಖಾಲಿನ್ 1905ರ ಪೋರ್ಟ್ಸ್‌ಮತ್ ಒಪ್ಪಂದದಿಂದ ಬಂದದ್ದು. ಕೊರಿಯಾ 1905ರಲ್ಲಿ ಸಂರಕ್ಷಿತ ರಾಜ್ಯವಾಗಿ 1910ರಲ್ಲಿ ವಿಲೀನಗೊಂಡಿತು. ಆ ವಿಲೀನವು ಬಲಾತ್ಕಾರದ್ದೆಂಬುದರಲ್ಲಿ ನನಗೆ ಸಂಶಯವಿಲ್ಲ, ಆದರೆ ಅಂದಿನ ಬಲಾಢ್ಯ ರಾಷ್ಟ್ರಗಳೆಲ್ಲ ಅದನ್ನು ಒಪ್ಪಿಕೊಂಡಿದ್ದವು. ಮರಿಯಾನಾ, ಕ್ಯಾರೊಲಿನ್, ಮಾರ್ಷಲ್ ದ್ವೀಪಗಳನ್ನು ಮೊದಲ ಮಹಾಯುದ್ಧದ ನಂತರ ರಾಷ್ಟ್ರಸಂಘವೇ ಆದೇಶದ (ಮ್ಯಾಂಡೇಟ್) ರೂಪದಲ್ಲಿ ಜಪಾನಿಗೆ ಒಪ್ಪಿಸಿತ್ತು, ಅಲ್ಲಿನ ಆಡಳಿತ ಕಚೇರಿ ಪಲಾವುವಿನ ಕೊರೊರ್‌ನಲ್ಲಿತ್ತು. ಇವೆಲ್ಲ ಪರ್ಲ್ ಹಾರ್ಬರಿಗಿಂತ ಹಳೆಯ ಕಥೆಗಳು.

ಮಂಚೂರಿಯಾದಿಂದ ವಿಷಯ ಜಟಿಲವಾಗುತ್ತದೆ. 1931ರ ಸೆಪ್ಟೆಂಬರ್ 18ರಂದು ಮುಕ್ಡೆನ್ ಬಳಿ ರೈಲುಹಳಿಯ ಮೇಲೆ ಅಲ್ಲಿ ಬೀಡುಬಿಟ್ಟಿದ್ದ ಜಪಾನಿ ಪಡೆಯಾದ ಕ್ವಾಂಟುಂಗ್ ಸೇನೆಯವರು ತಾವೇ ಸ್ಫೋಟ ನಡೆಸಿ ಆರೋಪವನ್ನು ಚೀನಿಯರ ಮೇಲೆ ಹೊರಿಸಿದರು, ಮತ್ತು ಆರು ತಿಂಗಳೊಳಗೆ, 1932ರ ಮಾರ್ಚ್ 1ರಂದು, ಮಂಚುಕುವೊ ಎಂಬ ಹೊಸ ರಾಜ್ಯವನ್ನೇ ಹುಟ್ಟುಹಾಕಿದರು. ಚೀನಾದ ಕೊನೆಯ ಚಕ್ರವರ್ತಿಯಾಗಿದ್ದ ಪುಯಿ ಅದರ ಮುಖ್ಯಸ್ಥನಾದನು, 1934ರಲ್ಲಿ ಅವನಿಗೆ ಚಕ್ರವರ್ತಿ ಪದವಿಯೂ ದೊರೆಯಿತು. ಆದರೆ ಅಲ್ಲಿನ ಜಪಾನಿ ರಾಯಭಾರಿ ಯಾರು ಎಂದು ನೋಡಿದರೆ, ಕ್ವಾಂಟುಂಗ್ ಸೇನೆಯ ದಂಡನಾಯಕನೇ ಆ ಹುದ್ದೆಯನ್ನೂ ವಹಿಸಿಕೊಂಡಿದ್ದನು! ಮಂತ್ರಿಗಳು ಸ್ಥಳೀಯರು, ಉಪಮಂತ್ರಿಗಳು ಜಪಾನಿಯರು. ಕಡತಗಳು ನಿಜವಾಗಿ ತೀರ್ಮಾನವಾಗುತ್ತಿದ್ದುದು ಉಪಮಂತ್ರಿಗಳ ಮೇಜಿನ ಮೇಲೆ.

ಇಷ್ಟು ನಾಟಕ ಏಕೆಂದರೆ, ನೇರವಾಗಿ ವಿಲೀನ ಮಾಡಿಕೊಂಡಿದ್ದರೆ ಜಪಾನ್ ತಾನೇ ಸಹಿ ಹಾಕಿದ್ದ ಒಪ್ಪಂದಗಳನ್ನು ಬಹಿರಂಗವಾಗಿ ಮುರಿದಂತಾಗುತ್ತಿತ್ತು. 'ಅಲ್ಲಿನ ಜನರೇ ಪ್ರತ್ಯೇಕವಾದರು' ಎಂದು ಹೇಳಿದರೆ ಆಕ್ರಮಣದ ಪ್ರಶ್ನೆಯೂ ಹೇಗ್ ನಿಯಮಗಳ ಹೊರೆಯೂ ಒಟ್ಟಿಗೆ ತಪ್ಪುತ್ತಿದ್ದವು. ತನಿಖೆಗೆಂದು ರಾಷ್ಟ್ರಸಂಘ ಕಳಿಸಿದ್ದ ಲಿಟ್ಟನ್ ಆಯೋಗ ಈ ವಾದವನ್ನು ಒಪ್ಪಲಿಲ್ಲ. ಅದರ ವರದಿಯನ್ನು ರಾಷ್ಟ್ರಸಂಘ ಅಂಗೀಕರಿಸಿದಾಗ, 1933ರಲ್ಲಿ, ಜಪಾನ್ ಆ ಸಂಘದಿಂದಲೇ ಹೊರನಡೆಯಿತು. ಚೀನಾದಲ್ಲೂ ಇದೇ ಸೂತ್ರ ಮರುಕಳಿಸಿತು. ಬೀಜಿಂಗ್‌ನಲ್ಲಿ 1937ರ ಡಿಸೆಂಬರ್‌ನಲ್ಲಿ ಒಂದು ಸರ್ಕಾರ, ನಾನ್‌ಜಿಂಗ್‌ನಲ್ಲಿ 1938ರ ಮಾರ್ಚ್‌ನಲ್ಲಿ ಇನ್ನೊಂದು, ಒಳಮಂಗೋಲಿಯಾದಲ್ಲಿ ಮತ್ತೊಂದು. ಕೊನೆಗೆ 1940ರ ಮಾರ್ಚ್ 30ರಂದು ಇವನ್ನು ಹೆಸರಿಗೆ ಒಗ್ಗೂಡಿಸಿ ವಾಂಗ್ ಜಿಂಗ್‌ವೇ ನೇತೃತ್ವದ ನಾನ್‌ಜಿಂಗ್ ಸರ್ಕಾರ.

ಆದ್ದರಿಂದ ನನ್ನ ಸಲಹೆ ಇಷ್ಟು: ಫಲಕದ ಮೇಲೆ ಏನು ಬರೆದಿದೆ ಎಂಬುದನ್ನು ಬಿಟ್ಟು, ಪೊಲೀಸರು ಯಾರ ಮಾತು ಕೇಳುತ್ತಿದ್ದರು, ನೋಟು ಯಾರು ಅಚ್ಚು ಹಾಕುತ್ತಿದ್ದರು, ಸೈನ್ಯದ ಓಡಾಟಕ್ಕೆ ಯಾರ ಅಪ್ಪಣೆ ಬೇಕಿತ್ತು ಎಂಬ ಮೂರನ್ನು ಕೇಳಿ ನೋಡಿ. 1949ರ ನಾಲ್ಕನೆಯ ಜಿನೀವಾ ಒಪ್ಪಂದದ 47ನೆಯ ವಿಧಿಯೂ ಇದೇ ದಾರಿಯನ್ನು ಹಿಡಿದಿದೆ. ಆಕ್ರಮಿತ ನಾಡಿನ ಸರ್ಕಾರವನ್ನು ಬದಲಿಸಿದ ಮಾತ್ರಕ್ಕೆ, ಅಥವಾ ಸ್ಥಳೀಯ ಅಧಿಕಾರಿಗಳೊಂದಿಗೆ ಒಪ್ಪಂದ ಮಾಡಿಕೊಂಡ ಮಾತ್ರಕ್ಕೆ, ಅಲ್ಲಿನ ಜನರಿಗಿರುವ ರಕ್ಷಣೆ ತಪ್ಪಿಹೋಗದು ಎಂದು ಅದು ಹೇಳುತ್ತದೆ. ಮಂಚುಕುವೊ ಮಾದರಿಯ ಅನುಭವವಿಲ್ಲದೆ ಇಂಥ ವಿಧಿಯನ್ನು ಯಾರೂ ಬರೆಯುತ್ತಿರಲಿಲ್ಲವೆಂದು ನನ್ನ ಭಾವನೆ.

ಪ್ರತಿಕ್ರಿಯೆ 2 — ತೆಂಕಣಗಾಳಿ

ಮೇಲಿನ ಉತ್ತರ ಚೀನಾ ಮತ್ತು ಮಂಚೂರಿಯಾದ ಮಟ್ಟಿಗೆ ಸರಿಯಾಗಿದೆ. ಆಗ್ನೇಯ ಏಷ್ಯಾದ ವಿಷಯದಲ್ಲಿ 'ಯೋಜನೆ ಇತ್ತೇ' ಎಂಬ ಪ್ರಶ್ನೆಗೆ ನೇರ ಉತ್ತರವಿದೆ: ಇತ್ತು, ಆದರೆ ಯುದ್ಧಕ್ಕೆ ಮೂರು ವಾರವೂ ಉಳಿದಿಲ್ಲದಾಗ ಅದು ಅಂತಿಮವಾಯಿತು. 1941ರ ನವೆಂಬರ್ 20ರಂದು ಟೋಕಿಯೊದಲ್ಲಿ ಸರ್ಕಾರ ಮತ್ತು ಸೇನಾ ಮುಖ್ಯಸ್ಥರ ಸಮನ್ವಯ ಸಭೆಯು ದಕ್ಷಿಣದ ಆಕ್ರಮಿತ ಪ್ರದೇಶಗಳ ಆಡಳಿತ ಸೂತ್ರಗಳನ್ನು ಅಂಗೀಕರಿಸಿತು. ಅದರಲ್ಲಿ ಗುರಿಗಳು ಮೂರೇ: ಶಾಂತಿ ಸುವ್ಯವಸ್ಥೆಯ ಮರುಸ್ಥಾಪನೆ, ರಕ್ಷಣೆಗೆ ಬೇಕಾದ ಮುಖ್ಯ ಸಂಪನ್ಮೂಲಗಳ ಶೀಘ್ರ ಸಂಗ್ರಹ, ಮತ್ತು ಅಲ್ಲಿ ಬೀಡುಬಿಟ್ಟ ಸೈನ್ಯ ಅಲ್ಲಿಯದನ್ನೇ ಉಂಡು ಬದುಕುವುದು. ಇದರಿಂದ ಸ್ಥಳೀಯರ ಜೀವನದ ಮೇಲೆ ಬೀಳುವ ಭಾರವನ್ನು ಅವರು ಸಹಿಸಿಕೊಳ್ಳುವಂತೆ ಮಾಡಬೇಕೆಂದೂ, ಸ್ವಾತಂತ್ರ್ಯ ಚಳವಳಿಗಳನ್ನು ಅವಧಿಗೆ ಮುಂಚೆ ಉತ್ತೇಜಿಸಬಾರದೆಂದೂ ಅದರಲ್ಲಿಯೇ ಇದೆ. ಏಷ್ಯಾದ ವಿಮೋಚನೆಯ ಘೋಷಣೆಗಳನ್ನು ಓದುವಾಗ ಪಕ್ಕದಲ್ಲಿ ಈ ಕಾಗದವನ್ನೂ ಇಟ್ಟುಕೊಳ್ಳುವುದು ಒಳ್ಳೆಯದು.

ಆರು ದಿನಗಳ ನಂತರ, ನವೆಂಬರ್ 26ರಂದು, ಭೂಸೇನೆ ಮತ್ತು ನೌಕಾಪಡೆ ಇನ್ನೂ ಗೆಲ್ಲದ ನಾಡುಗಳನ್ನು ಪಾಲು ಮಾಡಿಕೊಂಡವು. ಜನ ಹೆಚ್ಚಿರುವ, ಆಡಳಿತ ಕ್ಲಿಷ್ಟವಾಗಿರುವ ಹಾಂಗ್‌ಕಾಂಗ್, ಫಿಲಿಪ್ಪೀನ್ಸ್, ಮಲಯಾ, ಸುಮಾತ್ರ, ಜಾವಾ, ಬ್ರಿಟಿಷ್ ಬೋರ್ನಿಯೊ, ಬರ್ಮಾ ಇವು ಭೂಸೇನೆಗೆ ಹೋದವು. ಡಚ್ ಬೋರ್ನಿಯೊ, ಸೆಲೆಬಿಸ್, ಮಲುಕು, ನ್ಯೂಗಿನಿ, ಬಿಸ್ಮಾರ್ಕ್ ದ್ವೀಪಸ್ತೋಮ, ಗುವಾಮ್ ಇವು ನೌಕಾಪಡೆಗೆ.

ಈ ಪಾಲುಪಟ್ಟಿಯ ಪರಿಣಾಮ ಎಷ್ಟು ಆಳವಾಗಿತ್ತೆಂದರೆ, ನಾವು ಇಂದು ಇಂಡೋನೇಷ್ಯಾ ಎನ್ನುವ ಒಂದೇ ದೇಶ ಮೂರು ಬೇರೆ ಬೇರೆ ಆಡಳಿತಗಳ ಕೆಳಗೆ ಮೂರೂವರೆ ವರ್ಷ ಬದುಕಿತು. ಜಾವಾವನ್ನು 16ನೆಯ ಸೇನೆ ಆಳಿತು. ಸುಮಾತ್ರವನ್ನು 25ನೆಯ ಸೇನೆ ಮೊದಲು ಸಿಂಗಾಪುರದಿಂದ ಮಲಯಾದ ಜೊತೆ ಸೇರಿಸಿ, ನಂತರ 1943ರಿಂದ ಬುಕಿಟ್ಟಿಂಗ್ಗಿಯಿಂದ ಆಳಿತು. ಪೂರ್ವದ ದ್ವೀಪಗಳನ್ನು ನೌಕಾಪಡೆ ಮಕಾಸರ್‌ನಿಂದ ಆಳಿತು. ಜಾವಾದಲ್ಲಿ ತೈಲ ಕಡಿಮೆ, ಜನ ಹೆಚ್ಚು; ಹಾಗಾಗಿ ಅಲ್ಲಿ ರಾಷ್ಟ್ರೀಯವಾದಿ ನಾಯಕರಾದ ಸುಕಾರ್ನೊ ಮತ್ತು ಹಟ್ಟಾ ಅವರಿಗೆ ವೇದಿಕೆ ದೊರೆಯಿತು, 1943ರ ಅಕ್ಟೋಬರ್‌ನಲ್ಲಿ ಪೇಟಾ ಎಂಬ ಸ್ವಯಂಸೇವಕ ಸೈನ್ಯವೂ ರೂಪುಗೊಂಡಿತು. ಸುಮಾತ್ರದಲ್ಲಿ ಪಾಲೆಂಬಾಂಗ್‌ನ ತೈಲವಿತ್ತು. 1941ರ ಆಗಸ್ಟ್‌ನಲ್ಲಿ ಅಮೆರಿಕ ತೈಲ ನಿಲ್ಲಿಸಿದ ಮೇಲೆ ಇಡೀ ದಂಡಯಾತ್ರೆಯ ಕಣ್ಣು ಆ ಬಾವಿಗಳ ಮೇಲೆಯೇ ಇತ್ತು. ಹಾಗಾಗಿ ಅಲ್ಲಿ ರಾಜಕೀಯ ಸಡಿಲಿಕೆ ಬಹಳ ತಡವಾಗಿ ಬಂತು. ನೌಕಾಪಡೆಯಂತೂ ತನ್ನ ಪಾಲಿನ ದ್ವೀಪಗಳನ್ನು ಶಾಶ್ವತವಾಗಿ ಉಳಿಸಿಕೊಳ್ಳುವ ಉದ್ದೇಶದಿಂದಲೇ ಆಳಿತು. ಪಶ್ಚಿಮ ಬೋರ್ನಿಯೊದ ಪೊಂಟಿಯಾನಾಕ್‌ನಲ್ಲಿ 1943 ಮತ್ತು 1944ರಲ್ಲಿ ಪಿತೂರಿಯ ಆರೋಪ ಹೊರಿಸಿ ಅಲ್ಲಿನ ಸುಲ್ತಾನನನ್ನೂ ಸೇರಿಸಿ ಸ್ಥಳೀಯ ಗಣ್ಯರನ್ನು ಸಾಮೂಹಿಕವಾಗಿ ಕೊಂದದ್ದು ಈ ನೌಕಾ ಆಡಳಿತದಡಿಯಲ್ಲೇ.

1943ರ ಮೇ 31ರಂದು ಚಕ್ರವರ್ತಿಯ ಸಮ್ಮುಖದಲ್ಲಿ ನಡೆದ ಸಭೆಯ ತೀರ್ಮಾನದಲ್ಲಿ ಇದೆಲ್ಲ ಬಿಚ್ಚಿ ಬರೆದ ಹಾಗಿದೆ: ಬರ್ಮಾ, ಫಿಲಿಪ್ಪೀನ್ಸ್‌ಗೆ ಸ್ವಾತಂತ್ರ್ಯ, ಮಲಯಾ, ಸುಮಾತ್ರ, ಜಾವಾ, ಬೋರ್ನಿಯೊ, ಸೆಲೆಬಿಸ್ ಮಾತ್ರ ಜಪಾನ್ ಸಾಮ್ರಾಜ್ಯದ ಭಾಗ. ಈ ಎರಡನೆಯ ಅಂಶವನ್ನು ಸದ್ಯಕ್ಕೆ ಪ್ರಕಟಿಸಬಾರದೆಂದೂ ಅಲ್ಲಿಯೇ ನಿರ್ಧರಿಸಿದರು. ತೈಲ, ರಬ್ಬರ್, ತವರ ಇರುವ ನಾಡುಗಳ ಪಟ್ಟಿಯನ್ನು ಇದರ ಪಕ್ಕದಲ್ಲಿಟ್ಟರೆ ಎರಡೂ ಹೆಚ್ಚುಕಡಿಮೆ ಒಂದೇ ಆಗುತ್ತವೆ.

ಪ್ರತಿಕ್ರಿಯೆ 3 — ನೋಟುಸಂಗ್ರಾಹಕ

'ನೋಟು ಯಾರು ಅಚ್ಚು ಹಾಕುತ್ತಿದ್ದರು' ಎಂದು ದಾಖಲೆಪ್ರಿಯರು ಕೇಳಿದ್ದಾರಲ್ಲ, ಅದಕ್ಕೆ ನನ್ನ ಸಂಗ್ರಹದಿಂದಲೇ ಉತ್ತರ ಕೊಡಬಹುದು. ಜಪಾನಿ ಸೈನ್ಯ ತನ್ನ ಯೆನ್ನನ್ನು ದಕ್ಷಿಣಕ್ಕೆ ತರಲಿಲ್ಲ. ಮಲಯಾಕ್ಕೆ ಡಾಲರ್, ಫಿಲಿಪ್ಪೀನ್ಸ್‌ಗೆ ಪೆಸೊ, ಡಚ್ ದ್ವೀಪಗಳಿಗೆ ಗಿಲ್ಡರ್, ಬರ್ಮಾಕ್ಕೆ ರೂಪಾಯಿ ಎಂದು ಆಯಾ ನಾಡಿನ ಹಣದ ಹೆಸರಿನಲ್ಲೇ ಹೊಸ ನೋಟುಗಳನ್ನು ಹೊರಡಿಸಿತು. ನೋಟಿನ ಮೇಲಿನ ಮೊದಲ ಅಕ್ಷರ ನೋಡಿದರೆ ಅದು ಯಾವ ನಾಡಿನದೆಂದು ತಿಳಿಯುತ್ತದೆ: ಮಲಯಾದ್ದರ ಮೇಲೆ 'ಎಂ', ಬರ್ಮಾದ್ದರ ಮೇಲೆ 'ಬಿ', ಫಿಲಿಪ್ಪೀನ್ಸಿನದರ ಮೇಲೆ 'ಪಿ'.

ಮಲಯಾದ ಹತ್ತು ಡಾಲರಿನ ನೋಟನ್ನು ಕೈಗೆತ್ತಿಕೊಂಡರೆ ಗೊನೆ ಬಿಟ್ಟ ಬಾಳೆಯ ಗಿಡ ಎದ್ದು ಕಾಣುತ್ತದೆ, ಹಾಗಾಗಿಯೇ ಜನ ಆ ಹಣವನ್ನೆಲ್ಲ ಬಾಳೆಹಣ್ಣಿನ ದುಡ್ಡು ಎಂದು ಕರೆದರು. ಮೊದಮೊದಲ ನೋಟುಗಳಲ್ಲಿ ಕ್ರಮಸಂಖ್ಯೆ ಇದೆ. ನಂತರದವುಗಳಲ್ಲಿ ಅದು ಮಾಯವಾಗಿ ಬರೀ ಅಕ್ಷರಗಳು ಉಳಿಯುತ್ತವೆ, ಕಾಗದವೂ ಮುದ್ರಣವೂ ಕಳಪೆಯಾಗುತ್ತವೆ. ಕ್ರಮಸಂಖ್ಯೆಯಿಲ್ಲದ ನೋಟು ಎಂದರೆ ಎಷ್ಟು ಅಚ್ಚಾಯಿತೆಂಬ ಲೆಕ್ಕ ಹೊರಗಿನವರಿಗೆ ಸಿಗದ ನೋಟು. ಹಿಂದೆ ಚಿನ್ನವಿಲ್ಲ, ತೆರಿಗೆಯ ಬಲವಿಲ್ಲ. ಸೈನ್ಯಕ್ಕೆ ಅಕ್ಕಿ ಬೇಕಾದಾಗ, ರಬ್ಬರ್ ಬೇಕಾದಾಗ, ಅಚ್ಚು ಹಾಕಿ ಕೊಡುವುದು. ಹೇಗ್ ನಿಯಮಾವಳಿಯ 52ನೆಯ ವಿಧಿಯ ಪ್ರಕಾರ ಸೈನ್ಯದ ಅಗತ್ಯಕ್ಕೆ ಜನರಿಂದ ವಸೂಲು ಮಾಡುವುದು ನಾಡಿನ ಸಾಮರ್ಥ್ಯಕ್ಕೆ ತಕ್ಕಂತೆ ಇರಬೇಕು. ಬೆಲೆ ಕೊಟ್ಟು ಕೊಂಡಂತೆ ತೋರಿಸುತ್ತಲೇ ಆ ಮಿತಿಯನ್ನು ದಾಟುವ ಉಪಾಯ ಇದು.

ಬಲವಂತದ ವಸೂಲಿಯೂ ಇತ್ತು. ಸಿಂಗಾಪುರ 1942ರ ಫೆಬ್ರವರಿ 15ರಂದು ಶರಣಾದ ಮೇಲೆ, ಚೀನಿ ಗಂಡಸರನ್ನು ಸಾಲುಗಟ್ಟಿ ನಿಲ್ಲಿಸಿ ಆಯ್ದು ಕೊಂದ ಹತ್ಯಾಕಾಂಡ ನಡೆಯಿತು. ಆ ಭೀತಿಯಿನ್ನೂ ಆರುವ ಮೊದಲೇ ಮಲಯಾ ಮತ್ತು ಸಿಂಗಾಪುರದ ಚೀನಿಯರೆಲ್ಲ ಸೇರಿ 5 ಕೋಟಿ ಡಾಲರ್ 'ಕಾಣಿಕೆ' ಒಪ್ಪಿಸಬೇಕೆಂಬ ಆಜ್ಞೆ ಬಂತು. ಆಸ್ತಿ ಮಾರಿ ಕೂಡಿಸಿದರೂ ಮೊತ್ತ ತುಂಬಲಿಲ್ಲ. ಉಳಿದದ್ದನ್ನು ಜಪಾನಿನದೇ ಆದ ಯೋಕೊಹಾಮಾ ಸ್ಪೀಷಿ ಬ್ಯಾಂಕಿನಿಂದ ಸಾಲವಾಗಿ ಎತ್ತಿ ಜಪಾನಿ ಸೈನ್ಯಕ್ಕೆ ಕೊಡಬೇಕಾಯಿತು. ಇದಕ್ಕೆ ವ್ಯಾಖ್ಯಾನ ಬೇಕಿಲ್ಲ.

ಇದೇ ಕಾಲದಲ್ಲಿ ಸಿಂಗಾಪುರದ ಗಡಿಯಾರಗಳನ್ನು ಟೋಕಿಯೊ ಸಮಯಕ್ಕೆ ಹೊಂದಿಸಲು ಒಂದೂವರೆ ಗಂಟೆ ಮುಂದಕ್ಕೆ ತಿರುಗಿಸಿದರು. ಊರಿನ ಹೆಸರನ್ನು ಶೋನಾನ್ ಎಂದು ಬದಲಿಸಿದರು, ಶಾಲೆಗಳಲ್ಲಿ ಜಪಾನಿ ಭಾಷೆ ಕಲಿಸಲಾರಂಭಿಸಿದರು. ಜಾರಿಯಲ್ಲಿರುವ ವ್ಯವಸ್ಥೆಯನ್ನು ಗೌರವಿಸುವ ತಾತ್ಕಾಲಿಕ ಮೇಲ್ವಿಚಾರಕ ಗಡಿಯಾರವನ್ನೂ ಊರಿನ ಹೆಸರನ್ನೂ ಮುಟ್ಟುವುದಿಲ್ಲ.

ಪ್ರಶ್ನೆ ಕೇಳಿದವರ ಮರುನುಡಿ — ಭೂಪಟಾಸಕ್ತ

ಮೂವರಿಗೂ ಕೃತಜ್ಞತೆಗಳು. ಹಾಗಾದರೆ ಬರ್ಮಾ ಮತ್ತು ಫಿಲಿಪ್ಪೀನ್ಸಿನ 1943ರ ಸ್ವಾತಂತ್ರ್ಯವನ್ನು ಬರೀ ಬೊಗಳೆ ಎಂದು ಪಕ್ಕಕ್ಕಿಡಬಹುದೇ? ಅಂಡಮಾನ್ ದ್ವೀಪಗಳನ್ನು ಆಜಾದ್ ಹಿಂದ್ ಸರ್ಕಾರಕ್ಕೆ ಒಪ್ಪಿಸಿದ್ದರೆಂದು ಓದಿದ್ದೇನೆ. ಅದನ್ನೂ ಇದೇ ಸಾಲಿಗೆ ಸೇರಿಸಬೇಕೇ?

ಪ್ರತಿಕ್ರಿಯೆ 4 — ಐರಾವತಿ

ಬೊಗಳೆ ಎಂದು ಪಕ್ಕಕ್ಕಿಡುವುದನ್ನು ನಾನು ಒಪ್ಪುವುದಿಲ್ಲ. ಈ ಚರ್ಚೆಯಲ್ಲಿ ಇದುವರೆಗೆ ಎಲ್ಲವನ್ನೂ ಟೋಕಿಯೊದ ಕಾಗದಪತ್ರಗಳಿಂದ ನೋಡಲಾಗಿದೆ; ರಂಗೂನ್ ಮತ್ತು ಮನಿಲಾದಲ್ಲಿ ಕುಳಿತು ನೋಡಿದರೆ ಚಿತ್ರ ಬೇರೆ.

ಮೊದಲನೆಯದಾಗಿ, ಆ ಎರಡೇ ನಾಡುಗಳನ್ನು ಏಕೆ ಆರಿಸಿದರು? ತೈಲ, ರಬ್ಬರಿನ ಲೆಕ್ಕವಷ್ಟೇ ಇದಕ್ಕೆ ಸಾಲದು. ಅಮೆರಿಕ 1934ರ ಕಾಯಿದೆಯಲ್ಲೇ ಫಿಲಿಪ್ಪೀನ್ಸ್‌ಗೆ 1946ರಲ್ಲಿ ಸ್ವಾತಂತ್ರ್ಯ ಕೊಡುವುದಾಗಿ ಮಾತು ಕೊಟ್ಟಿತ್ತು. ಬರ್ಮಾ 1937ರಲ್ಲಿ ಭಾರತದಿಂದ ಬೇರ್ಪಟ್ಟು ಚುನಾಯಿತ ಮಂತ್ರಿಮಂಡಲವನ್ನು ಪಡೆದಿತ್ತು, ಬಾ ಮಾವ್ ಅದರ ಮೊದಲ ಪ್ರಧಾನಿಯಾಗಿದ್ದರು. ಹಳೆಯ ಒಡೆಯನು ಕೊಟ್ಟಿದ್ದಕ್ಕಿಂತ ಕಡಿಮೆ ಕೊಟ್ಟರೆ ವಿಮೋಚಕನ ವೇಷ ಕಳಚಿಬೀಳುತ್ತಿತ್ತು. ಆದ್ದರಿಂದಲೇ ಜಪಾನಿನ ಪ್ರಧಾನಿ ತೋಜೊ 1942ರ ಜನವರಿಯಲ್ಲಿಯೇ ಸಂಸತ್ತಿನಲ್ಲಿ ಈ ಎರಡು ದೇಶಗಳ ಸ್ವಾತಂತ್ರ್ಯದ ಮಾತೆತ್ತಿದರು. ಅಂದರೆ ಸ್ಥಳೀಯ ರಾಜಕಾರಣ ಅಲ್ಲಿಯವರೆಗೆ ಗಳಿಸಿದ್ದ ನೆಲೆಯೇ ಜಪಾನಿನ ಕೈಯನ್ನು ಕಟ್ಟಿತ್ತು.

ಎರಡನೆಯದಾಗಿ, ಆ ಸರ್ಕಾರಗಳು ಸಂದು ಸಿಕ್ಕಲ್ಲೆಲ್ಲ ಎಳೆದಾಡಿದವು. 1943ರ ಆಗಸ್ಟ್ 1ರಂದು ಸ್ವತಂತ್ರವಾದ ಬರ್ಮಾ ಅದೇ ದಿನ ಬ್ರಿಟನ್ ಮತ್ತು ಅಮೆರಿಕದ ಮೇಲೆ ಯುದ್ಧ ಘೋಷಿಸಿತು. ಆದರೆ ಅಕ್ಟೋಬರ್ 14ರಂದು ಫಿಲಿಪ್ಪೀನ್ಸಿನ ಅಧ್ಯಕ್ಷರಾದ ಜೋಸೆ ಲಾರೆಲ್ ಅದನ್ನು ಮುಂದೂಡುತ್ತಲೇ ಹೋದರು. ಸುಮಾರು ಒಂದು ವರ್ಷದ ನಂತರ, 1944ರ ಸೆಪ್ಟೆಂಬರ್‌ನಲ್ಲಿ, ಅಮೆರಿಕನ್ ವಿಮಾನಗಳು ಮನಿಲಾದ ಮೇಲೆ ಬಾಂಬ್ ಹಾಕಿದ ಮೇಲಷ್ಟೇ ಯುದ್ಧಸ್ಥಿತಿಯನ್ನು ಸಾರಿದರು. ಆಗಲೂ ತಮ್ಮ ಜನರನ್ನು ಸೈನ್ಯಕ್ಕೆ ಕಡ್ಡಾಯವಾಗಿ ಸೇರಿಸಿಕೊಳ್ಳಲು ಒಪ್ಪಲಿಲ್ಲ. ಬರ್ಮಾದಲ್ಲಿ ಯುದ್ಧಮಂತ್ರಿಯಾಗಿದ್ದ ಆಂಗ್ ಸಾನ್, ಜಪಾನಿಯರೇ ತರಬೇತಿ ಕೊಟ್ಟು ಕಟ್ಟಿದ ಸೈನ್ಯವನ್ನು 1945ರ ಮಾರ್ಚ್ 27ರಂದು ಜಪಾನಿಯರ ಮೇಲೆಯೇ ತಿರುಗಿಸಿದರು. ಕೈಗೊಂಬೆ ಎಂದು ಒಂದೇ ಪದದಲ್ಲಿ ಮುಗಿಸಿಬಿಟ್ಟರೆ ಈ ವರ್ತನೆಯನ್ನು ವಿವರಿಸಲು ಆಗುವುದಿಲ್ಲ.

ಹೀಗೆಂದ ಮಾತ್ರಕ್ಕೆ ಅಲ್ಲಿ ಸುಖವಿತ್ತೆಂದಲ್ಲ. ಬಾ ಮಾವ್ ಸರ್ಕಾರ ಸ್ವತಂತ್ರವೆನಿಸಿಕೊಂಡ ತಿಂಗಳುಗಳಲ್ಲೇ ಥಾಯ್ಲೆಂಡ್–ಬರ್ಮಾ ರೈಲುದಾರಿಯ ಕೆಲಸ ಅತ್ಯಂತ ಕ್ರೂರ ಹಂತದಲ್ಲಿತ್ತು. ಸುಮಾರು 415 ಕಿಲೋಮೀಟರ್ ಉದ್ದದ ಆ ಹಳಿಯನ್ನು 1943ರ ಅಕ್ಟೋಬರ್‌ನಲ್ಲಿ ಮುಗಿಸುವಷ್ಟರಲ್ಲಿ 12,000ಕ್ಕೂ ಹೆಚ್ಚು ಯುದ್ಧಕೈದಿಗಳು ಸತ್ತಿದ್ದರು. ಬರ್ಮೀಯರು, ಮಲಯರು, ಜಾವಾದವರು, ಮಲಯಾದ ರಬ್ಬರ್ ತೋಟಗಳಿಂದ ಎಳೆದೊಯ್ದ ತಮಿಳರು ಸೇರಿದ್ದ ಏಷ್ಯಾದ ಕೂಲಿಗಳ ಸಾವು ಅದರ ಹಲವು ಪಟ್ಟು. ಆದರೆ ಕೂಲಿಗಳ ಹೆಸರುಪಟ್ಟಿಯನ್ನು ಯಾರೂ ಸರಿಯಾಗಿ ಇಡಲಿಲ್ಲ. ಕೈದಿಗಳಿಗೆ ಸಮಾಧಿಸ್ಥಳಗಳಿವೆ, ಕಲ್ಲಿನ ಮೇಲೆ ಹೆಸರುಗಳಿವೆ. ವಿಮೋಚನೆಗೊಂಡರೆನ್ನಲಾದ ಏಷ್ಯನ್ನರಿಗೆ ಅದೂ ಇಲ್ಲ.

ಪ್ರತಿಕ್ರಿಯೆ 5 — ದಾಖಲೆಪ್ರಿಯ

ಐರಾವತಿಯವರ ಆಕ್ಷೇಪಣೆ ಬರ್ಮಾ ಮತ್ತು ಫಿಲಿಪ್ಪೀನ್ಸಿಗೆ ಸಲ್ಲುತ್ತದೆ. ಅಂಡಮಾನಿಗೆ ಸಲ್ಲುವುದಿಲ್ಲ, ಅಲ್ಲಿ ಎಳೆದಾಡುವುದಕ್ಕೂ ಅವಕಾಶವಿರಲಿಲ್ಲ.

ಜಪಾನಿ ಪಡೆಗಳು ಪೋರ್ಟ್‌ಬ್ಲೇರ್‌ನಲ್ಲಿ ಇಳಿದದ್ದು 1942ರ ಮಾರ್ಚ್ 23ರಂದು. ಆಜಾದ್ ಹಿಂದ್ ತಾತ್ಕಾಲಿಕ ಸರ್ಕಾರ ಸಿಂಗಾಪುರದಲ್ಲಿ 1943ರ ಅಕ್ಟೋಬರ್ 21ರಂದು ಸ್ಥಾಪನೆಯಾಯಿತು. ನವೆಂಬರ್ 5 ಮತ್ತು 6ರಂದು ಟೋಕಿಯೊದಲ್ಲಿ ನಡೆದ ಮಹಾ ಪೂರ್ವ ಏಷ್ಯಾ ಸಮ್ಮೇಳನಕ್ಕೆ ಸುಭಾಷ್‌ಚಂದ್ರ ಬೋಸರು ವೀಕ್ಷಕರಾಗಿ ಹೋಗಿದ್ದಾಗ, ದ್ವೀಪಗಳನ್ನು ಆ ಸರ್ಕಾರಕ್ಕೆ ಒಪ್ಪಿಸಲಾಗುವುದೆಂದು ತೋಜೊ ಘೋಷಿಸಿದರು. ಡಿಸೆಂಬರ್ 30ರಂದು ಬೋಸರು ಪೋರ್ಟ್‌ಬ್ಲೇರ್‌ನಲ್ಲಿ ತ್ರಿವರ್ಣ ಧ್ವಜವನ್ನು ಹಾರಿಸಿದರು, ದ್ವೀಪಗಳಿಗೆ ಶಹೀದ್ ಮತ್ತು ಸ್ವರಾಜ್ ಎಂಬ ಹೆಸರುಗಳಾದವು. ಆ ಸರ್ಕಾರದ ಪರವಾಗಿ ಬಂದ ಲೋಗನಾಥನ್ ಅವರ ಕೈಗೆ ನಿಜವಾಗಿ ಸಿಕ್ಕಿದ್ದು ಶಿಕ್ಷಣ ಇಲಾಖೆಯಷ್ಟೇ. ಪೊಲೀಸ್ ವ್ಯವಸ್ಥೆ ಜಪಾನಿ ನೌಕಾಪಡೆಯ ಬಳಿಯೇ ಉಳಿಯಿತು. ಧ್ವಜ ಹಾರಿದ ಎರಡು ವಾರಗಳಲ್ಲಿ, ಅಲ್ಲಿನ ಭಾರತೀಯರ ಮುಖಂಡರಾಗಿದ್ದ ವೈದ್ಯ ದಿವಾನ್ ಸಿಂಗ್ ಸೆಲ್ಯುಲರ್ ಜೈಲಿನಲ್ಲಿ ಚಿತ್ರಹಿಂಸೆಯಿಂದ ಸತ್ತರು. 1944ರ ಜನವರಿ 30ರಂದು ಹಂಫ್ರಿಗಂಜ್‌ನಲ್ಲಿ 44 ಮಂದಿಯನ್ನು ಗೂಢಚಾರರೆಂದು ಆರೋಪಿಸಿ ಗುಂಡಿಟ್ಟು ಕೊಂದರು. ಸತ್ತವರಲ್ಲಿ ಬೋಸರದೇ ಸಂಘಟನೆಯಾದ ಭಾರತೀಯ ಸ್ವಾತಂತ್ರ್ಯ ಲೀಗಿನ ಸದಸ್ಯರಿದ್ದರು. ಪೊಲೀಸರು ಯಾರ ಮಾತು ಕೇಳುತ್ತಿದ್ದರು ಎಂಬ ಪ್ರಶ್ನೆಯನ್ನು ನಾನು ಮೊದಲಿಗೇ ಇಟ್ಟದ್ದು ಇಂಥವನ್ನು ಮನಸ್ಸಿನಲ್ಲಿಟ್ಟುಕೊಂಡೇ.

ಪ್ರತಿಕ್ರಿಯೆ 6 — ತೆಂಕಣಗಾಳಿ

ಇಂಡೋಚೀನಾ ಮತ್ತು ಥಾಯ್ಲೆಂಡ್ ಉಳಿದುವು. ಇಂಡೋಚೀನಾದ ಉತ್ತರಭಾಗಕ್ಕೆ ಜಪಾನಿ ಸೈನ್ಯ 1940ರ ಸೆಪ್ಟೆಂಬರ್‌ನಲ್ಲಿ, ದಕ್ಷಿಣಕ್ಕೆ 1941ರ ಜುಲೈಯಲ್ಲಿ ಬಂತು. ಆದರೂ ಗವರ್ನರ್ ಜನರಲ್ ದೆಕೂ ಅವರ ಫ್ರೆಂಚ್ ಆಡಳಿತ 1945ರ ಮಾರ್ಚ್ 9ರವರೆಗೆ ಮುಂದುವರಿಯಿತು. ತೆರಿಗೆ ಎತ್ತುವ, ಭತ್ತ ಸಂಗ್ರಹಿಸುವ, ಜನರ ಕೋಪಕ್ಕೆ ಗುರಿಯಾಗುವ ಕೆಲಸಗಳನ್ನೆಲ್ಲ ಇನ್ನೊಬ್ಬರು ಮಾಡುತ್ತಿರುವಾಗ ಸ್ವಂತ ಅಧಿಕಾರಿಗಳನ್ನು ನೇಮಿಸುವ ಅಗತ್ಯವೇನಿತ್ತು? ಆ ಜೋಡಿ ಯಜಮಾನಿಕೆಯ ಫಲವನ್ನು ಉತ್ತರ ವಿಯೆಟ್ನಾಮಿನ ಟೊಂಕಿನ್ ಪ್ರಾಂತ್ಯ 1944 ಮತ್ತು 1945ರ ಕ್ಷಾಮದಲ್ಲಿ ಉಂಡಿತು. ಸತ್ತವರ ಅಂದಾಜು 4 ಲಕ್ಷದಿಂದ 20 ಲಕ್ಷದವರೆಗೆ ಇದೆ.

ಥಾಯ್ಲೆಂಡ್ ಜಪಾನಿ ಸೈನ್ಯವನ್ನು ಎದುರಿಸಿದ್ದು 1941ರ ಡಿಸೆಂಬರ್ 8ರಂದು ಕೆಲವೇ ಗಂಟೆಗಳ ಕಾಲ. ಅದೇ ತಿಂಗಳ 21ರಂದು ಮೈತ್ರಿ ಒಪ್ಪಂದವಾಯಿತು, ಮರುತಿಂಗಳು ಬ್ರಿಟನ್ ಮತ್ತು ಅಮೆರಿಕದ ಮೇಲೆ ಯುದ್ಧ ಘೋಷಣೆಯಾಯಿತು. ಪ್ರತಿಫಲವಾಗಿ 1943ರಲ್ಲಿ ಕೆದಾ, ಪೆರ್ಲಿಸ್, ಕೆಲಾಂತನ್, ತ್ರೆಂಗಾನು ಎಂಬ ಮಲಯಾದ ನಾಲ್ಕು ರಾಜ್ಯಗಳನ್ನೂ ಬರ್ಮಾದ ಎರಡು ಶಾನ್ ಸಂಸ್ಥಾನಗಳನ್ನೂ ಜಪಾನ್ ಅದಕ್ಕೆ ಬಿಟ್ಟುಕೊಟ್ಟಿತು. ಆಕ್ರಮಿತ ನಾಡೊಂದು ತಾನೇ ಇನ್ನೊಬ್ಬರ ನೆಲವನ್ನು ಆಕ್ರಮಿಸಿಕೊಂಡಂತೆ ಆಯಿತು. ನಕ್ಷೆಯ ಒಂದೇ ಬಣ್ಣ ಸಂಪೂರ್ಣವಾಗಿ ಸೋಲುವುದು ಇಲ್ಲಿ.

ಯುದ್ಧ ಮುಗಿದ ಮೇಲೂ ಇದಕ್ಕೊಂದು ಉತ್ತರ ಸಿಗಲಿಲ್ಲ. 1945ರ ಆಗಸ್ಟ್ 16ರಂದು ರಾಜಪ್ರತಿನಿಧಿ ಪ್ರಿದಿ ಅವರು ಯುದ್ಧ ಘೋಷಣೆ ಜನರ ಇಚ್ಛೆಗೆ ವಿರುದ್ಧವಾದದ್ದೆಂದೂ ಅದು ಅಸಿಂಧುವೆಂದೂ ಸಾರಿದರು. ಅಮೆರಿಕ ಅದನ್ನು ಒಪ್ಪಿ, ಥಾಯ್ಲೆಂಡನ್ನು ಶತ್ರುವಿನಿಂದ ಬಿಡುಗಡೆಯಾದ ನಾಡೆಂದು ಪರಿಗಣಿಸಿತು. ಬ್ರಿಟನ್ ಅದನ್ನು ಶತ್ರುವೆಂದೇ ಎಣಿಸಿ, 1946ರ ಜನವರಿ 1ರ ಒಪ್ಪಂದದಲ್ಲಿ ನಾಲ್ಕು ರಾಜ್ಯಗಳನ್ನು ಹಿಂದಕ್ಕೆ ಪಡೆಯಿತು, ಅದರ ಮೇಲೆ 15 ಲಕ್ಷ ಟನ್ ಅಕ್ಕಿಯನ್ನು ಉಚಿತವಾಗಿ ಕೊಡಬೇಕೆಂದು ವಿಧಿಸಿತು.